ಬಿಸಾಡುವ ಮುನ್ನ ಒಮ್ಮೆ ತಿರುಗಿಸಿ ನೋಡಿ



ಹಳೆಯ ಕಾರುಗಳ ಬಗ್ಗೆ ಏನಾದರೂ ಬರೆದುಕೊಡಿ ಎಂದು ನಮ್ಮ ಸಂಪಾದಕರು ಹಲವು ಸಲ ಹೇಳಿದ್ದರು. ಯಾರು ಓದುತ್ತಾರೆ ಎಂದು ನಾನೇ ಮುಂದೂಡುತ್ತಾ ಬಂದೆ. ಮನೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮರಾಠಿ, ಅಂಗಡಿಯಲ್ಲಿ ಹಿಂದಿ, ಆಫೀಸಿನಲ್ಲಿ ಇಂಗ್ಲಿಷು ಎಂದು ದಿನವಿಡೀ ಓಡುವ ನಿಮಗೆ ನಟ್ಟು-ಬೋಲ್ಟುಗಳ ಪುರಾಣ ಯಾಕೆ ಬೇಕು? ಆದರೆ ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ನಿಮ್ಮದೇ ವಯಸ್ಸಿನ ಹುಡುಗಿಯೊಬ್ಬಳಿಂದ ಫೋನ್ ಬಂತು.

"ಅಂಕಲ್, ಅಜ್ಜನ ಎಂ.ಜಿ.ಯ ಎಂಜಿನ್ ತೆಗೆದುಬಿಡ್ತಾರಂತೆ. ಅದಕ್ಕೆ ಮುಂಚೆ ನೀವೊಮ್ಮೆ ಬಂದು ನೋಡ್ತೀರಾ?"

ನಾನು ಹೋದದ್ದು ಆಂಟಾಪ್ ಹಿಲ್‌ಗೆ. ಸರಕಾರಿ ಕ್ವಾರ್ಟರ್ಸುಗಳ ಸಾಲು ದಾಟಿ, ಮೊನೊರೈಲಿನ ಕಂಬಗಳ ಕಡೆಗೆ ಹೋಗುವ ರಸ್ತೆಯಲ್ಲಿ ಅವರ ಕಟ್ಟಡ. ಹಿಂದಿನ ಕಾಂಪೌಂಡಿನಲ್ಲಿ ನೀಲಿ ತಾಡಪಾಲಿನ ಕೆಳಗೆ ಕಾರು. ವಡಾಲಾದ ಉಪ್ಪಿನ ಗದ್ದೆಗಳ ಗಾಳಿ, ಮೇಲಿನಿಂದ ನಾಲ್ಕು ತಿಂಗಳ ಮಳೆ; ಕಬ್ಬಿಣಕ್ಕೆ ಇದಕ್ಕಿಂತ ಕೆಟ್ಟ ಜಾಗ ಬೇಕೇ? ಆದರೂ ತಾಡಪಾಲು ಸರಿಸಿದಾಗ ಆ ಉದ್ದ ಮೂತಿ, ದೊಡ್ಡ ತಂತಿಚಕ್ರಗಳು, ಬಾಗಿದ ಮಡ್‌ಗಾರ್ಡುಗಳು ಮೊದಲಿನಂತೆಯೇ ಇದ್ದವು. ಎಂ.ಜಿ. ಟಿ.ಸಿ., 1948ರ ಮಾದರಿ. ರಾಯರು ಅದನ್ನು 1974ರಲ್ಲಿ ಒಬ್ಬ ನಿವೃತ್ತ ಅಧಿಕಾರಿಯಿಂದ ಕೊಂಡಿದ್ದರು. ಕುಂದಾಪುರದಿಂದ ಬರಿಗೈಯಲ್ಲಿ ಬಂದವರು ಮುಂಬಯಿಯಲ್ಲಿ ಮಾಡಿದ ಒಂದೇ ದುಂದುವೆಚ್ಚ ಅದು ಎಂದು ಅವರ ಹೆಂಡತಿ ಕೊನೆಯವರೆಗೂ ಹೇಳುತ್ತಿದ್ದರು.

ಈಗ ರಾಯರಿಗೆ ಎಂಬತ್ತೈದು. ಮಗನಿಗೆ ಕಾರು ಮಾರುವ ಯೋಚನೆ. ಗಿರಾಕಿ ಸಿಕ್ಕಿದ್ದಾನೆ, ಆದರೆ ಓಡುವ ಕಾರು ಬೇಕಂತೆ. ಮಿಸ್ತ್ರಿಯೊಬ್ಬ ಬಂದು ನೋಡಿ, "ಇದರ ಪಾರ್ಟ್ಸ್ ಎಲ್ಲೂ ಸಿಗೋದಿಲ್ಲ ಸಾಹೇಬ್, ಮಾರುತಿ ಎಂಜಿನ್ ಕೂರಿಸಿಬಿಡೋಣ" ಎಂದಿದ್ದಾನೆ. ದೀಪಾವಳಿಯವರೆಗೆ ಗಡುವು. ಅಷ್ಟರಲ್ಲಿ ಹಳೆಯ ಎಂಜಿನ್ ಸರಿಯಾದರೆ ಸರಿ, ಇಲ್ಲದಿದ್ದರೆ ಅದು ಕುರ್ಲಾದ ಗುಜರಿಗೆ.

ಮಗನನ್ನು ದೂರಬೇಡಿ. ಕಾಂಪೌಂಡಿನಲ್ಲಿ ಜಾಗ ಹಿಡಿದ ಕಾರಿಗಾಗಿ ಸೊಸೈಟಿಯವರ ಕೈಲಿ ಬೈಸಿಕೊಳ್ಳುವವನು ಅವನೇ. ನಾನು ಅವನಿಗೆ ಒಂದು ವಿಷಯ ಮಾತ್ರ ಹೇಳಿದೆ. 2021ರಲ್ಲಿ ಕೇಂದ್ರ ಸರಕಾರ ವಿಂಟೇಜ್ ವಾಹನಗಳಿಗೆಂದೇ ನಿಯಮ ತಂದಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿ, ಮೂಲ ರೂಪದಲ್ಲೇ ಉಳಿದಿರುವ ಗಾಡಿಗೆ ಆ ಮಾನ್ಯತೆ ಸಿಗುತ್ತದೆ. ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಹೊಸದಾಗಿ ನೋಂದಾಯಿಸುವ ಗಾಡಿಗೆ ನಂಬರಿನಲ್ಲಿ 'ವಿಎ' ಅಕ್ಷರ ಬರುತ್ತದೆ; ಮೊದಲೇ ನೋಂದಣಿಯಾದದ್ದು ತನ್ನ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ಮಾರುತಿ ಎಂಜಿನ್ ಕೂರಿಸಿದ ದಿನ ಆ ಬಾಗಿಲು ಮುಚ್ಚಿದಂತೆ. ಮಗ ಲೆಕ್ಕದ ಮನುಷ್ಯ, ಯೋಚಿಸಿ "ದೀಪಾವಳಿವರೆಗೆ ನಿಮ್ಮದೇ ಆಟ" ಎಂದ.

ನಾನು ಮತ್ತು ಆ ಹುಡುಗಿ ಆರು ಭಾನುವಾರ ಕೂತು ಮಾಡಿದ ಕೆಲಸದ ಕಥೆಯನ್ನೇ ಇಲ್ಲಿ ಹೇಳುತ್ತಿದ್ದೇನೆ. ನಿಮ್ಮ ಮನೆಯಲ್ಲಿ ಎಂ.ಜಿ. ಇರಲಿಕ್ಕಿಲ್ಲ. ಮಾವನ ಫಿಯೆಟ್ಟೋ ಚಿಕ್ಕಪ್ಪನ ಸ್ಟ್ಯಾಂಡರ್ಡ್ ಹೆರಾಲ್ಡೋ ಇರಬಹುದು. ರೀತಿ ಒಂದೇ.

ಮೊದಲ ಭಾನುವಾರ ನಾವು ಒಂದು ಬೋಲ್ಟನ್ನೂ ಬಿಚ್ಚಲಿಲ್ಲ. ಆರ್.ಸಿ. ಪುಸ್ತಕ ತಂದು ನಂಬರುಗಳನ್ನು ಹುಡುಕಿದೆವು. ಟಿ.ಸಿ. ಎಂಜಿನ್ನಿನ ನಂಬರು ಎಂಟು ಮೂಲೆಯ ಒಂದು ಹಿತ್ತಾಳೆ ಬಿಲ್ಲೆಯ ಮೇಲೆ ಇರುತ್ತದೆ. ಸೀಮೆಎಣ್ಣೆ ಹಾಕಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿದಾಗ 'ಎಕ್ಸ್‌ಪಿಎಜಿ' ಎಂಬ ಅಕ್ಷರಗಳೂ ಮುಂದಿನ ಅಂಕಿಗಳೂ ಕಂಡವು. ಪುಸ್ತಕಕ್ಕೂ ಬಿಲ್ಲೆಗೂ ತಾಳೆಯಾಯಿತು. ಅಂದರೆ ಆಬಿಂಗ್ಡನ್ ಕಾರ್ಖಾನೆಯಿಂದ ಹೊರಟಾಗಿನ ಎಂಜಿನ್ನೇ ಇನ್ನೂ ಇದೆ! ತಂತಿಯ ಬ್ರಷ್ ಮಾತ್ರ ಮುಟ್ಟಬೇಡಿ. ತುಕ್ಕಿನ ಜೊತೆಗೆ ಅಕ್ಷರವೂ ಹೋಗುತ್ತದೆ. ಅಕ್ಷರ ಮಸುಕಾಗಿದ್ದರೆ ಅದರ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ. ಶಾಲೆಯಲ್ಲಿ ನಾಣ್ಯದ ಮೇಲೆ ಮಾಡುತ್ತಿದ್ದೆವಲ್ಲ, ಹಾಗೆ.

ಚಾಸಿ ನಂಬರಿನ ಬಗ್ಗೆ ಒಂದು ಸ್ವಾರಸ್ಯ ಇದೆ. ಟಿ.ಸಿ. ಕಾರುಗಳ ಸಂಖ್ಯೆ 1ರಿಂದ ಆರಂಭವಾಗುವುದಿಲ್ಲ, 0251ರಿಂದ ಆರಂಭ. 251 ಎಂದರೆ ಆಬಿಂಗ್ಡನ್ ಕಾರ್ಖಾನೆಯ ಟೆಲಿಫೋನ್ ನಂಬರು! 1945ರಿಂದ 1949ರವರೆಗೆ ಸುಮಾರು 10,000 ಟಿ.ಸಿ.ಗಳು ಅಲ್ಲಿ ತಯಾರಾದವು. 1250 ಸಿ.ಸಿ., 54 ಅಶ್ವಶಕ್ತಿ. ಇವತ್ತು ಪುಟ್ಟ ಹ್ಯಾಚ್‌ಬ್ಯಾಕ್ ಕೂಡ ಅದನ್ನು ಹಿಂದೆ ಹಾಕುತ್ತದೆ ಎಂದು ಹುಡುಗಿ ನಕ್ಕಳು. ರಾಯರಿಗೆ ಕೇಳಿಸಲಿಲ್ಲ, ಪುಣ್ಯ.

ಎರಡನೆಯ ಭಾನುವಾರ ಬಿಚ್ಚಲು ಕೂತೆವು. ಇಲ್ಲಿ ನಿಮಗೆ ಇರುವುದು ಒಂದೇ ಕಟ್ಟಳೆ: ತೆಗೆದ ಯಾವ ವಸ್ತುವನ್ನೂ ಬಿಸಾಡಬೇಡಿ. ಮುರಿದ ತುಂಡಾದರೂ ಸರಿ. ಪ್ರತಿಯೊಂದನ್ನೂ ಮೊಬೈಲಿನಲ್ಲಿ ಚಿತ್ರ ತೆಗೆದು, ಒಂದೊಂದು ಲಕೋಟೆಯಲ್ಲಿ ಹಾಕಿ, ಎಲ್ಲಿಂದ ತೆಗೆದದ್ದೆಂದು ಬರೆಯಿರಿ. ಹೊಸದನ್ನು ಹುಡುಕಲು ನಿಮ್ಮ ಕೈಯಲ್ಲಿರುವ ಏಕೈಕ ಗುರುತು ಆ ಹಳೆಯ ತುಂಡೇ. ನಮ್ಮ ಹುಡುಗಿ ಲಕೋಟೆಗಳ ಮೇಲೆ ಕನ್ನಡದಲ್ಲಿ ಬರೆದಳು: 'ಎಡಗಡೆ, ಮೇಲಿನದು', 'ರೇಡಿಯೇಟರ್ ಕೆಳಗೆ, ಮೂರನೆಯದು'. ಕಾಗುಣಿತ ಅಲ್ಲಲ್ಲಿ ಸೊಟ್ಟ. ಇರಲಿ, ಬೋಲ್ಟು ಕಳೆಯಲಿಲ್ಲ.

ಸಮಸ್ಯೆ ಬಂದದ್ದು ಪಾನ ಹಾಕಿದಾಗ. ನೀರಿನ ಪಂಪಿನ ಬೋಲ್ಟಿಗೆ 13 ಎಂ.ಎಂ. ಪಾನ ಹೋಗುವುದಿಲ್ಲ, 14 ಹಾಕಿದರೆ ಸಡಿಲ. ಬಲವಂತ ಮಾಡಿದರೆ ಆರು ಮೂಲೆ ಉರುಟಾಗಿ ಕೆಲಸ ಕೆಡುತ್ತದೆ. ಅದಕ್ಕೆ ಬೇಕಾದದ್ದು ವಿಟ್‌ವರ್ತ್ ಪಾನ. ಜೋಸೆಫ್ ವಿಟ್‌ವರ್ತ್ ಎಂಬ ಇಂಗ್ಲೆಂಡಿನ ಎಂಜಿನಿಯರ್ 1841ರಲ್ಲಿ ರೂಪಿಸಿದ ಅಳತೆಪದ್ಧತಿ ಅದು. 1/4 ವಿಟ್‌ವರ್ತ್ ಪಾನದ ಬಾಯಿ 0.525 ಅಂಗುಲ, ಅಂದರೆ 13.3 ಎಂ.ಎಂ. ಚೋರ್ ಬಜಾರಿನಲ್ಲಿ ಹಳೆಯ ಪಾನಗಳ ರಾಶಿಯಲ್ಲಿ ಕೈಯಾಡಿಸಿದರೆ ಇಂದಿಗೂ ಸಿಗುತ್ತದೆ. ಹಿಡಿಯ ಮೇಲೆ 'ಡಬ್ಲ್ಯು' ಅಕ್ಷರ ನೋಡಿ.

ತಲೆ ವಿಟ್‌ವರ್ತ್ ಎಂದ ಮೇಲೆ ತ್ರೆಡ್ಡೂ ವಿಟ್‌ವರ್ತ್ ಇರಬೇಕಲ್ಲವೇ? ಇಲ್ಲ! ಮುಂಬಯಿ ಮಿಸ್ತ್ರಿಗಳು 'ಆಟೆ' ಎನ್ನುವ ಆ ಸುತ್ತುಗಳು ಈ ಎಂಜಿನ್ನಿನಲ್ಲಿ ಮೆಟ್ರಿಕ್. ಇಂಗ್ಲಿಷ್ ಕಾರಿಗೆ ಫ್ರೆಂಚ್ ಆಟೆ ಬಂದದ್ದು ಹೇಗೆ ಅಂದರೆ, ಮೊದಲ ಮಹಾಯುದ್ಧದ ಕಾಲದಲ್ಲಿ ಹಾಚ್‌ಕಿಸ್ ಎಂಬ ಫ್ರೆಂಚ್ ಬಂದೂಕು ಕಂಪನಿ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಕಾರ್ಖಾನೆ ತೆರೆಯಿತು. ಯಂತ್ರಗಳೆಲ್ಲ ಮೆಟ್ರಿಕ್. 1923ರಲ್ಲಿ ಮಾರಿಸ್ ಅದನ್ನು ಕೊಂಡುಕೊಂಡರು. ಯಂತ್ರ ಬದಲಿಸಿದರೆ ಖರ್ಚು. ಬದಲಿಸದಿದ್ದರೆ ಇಂಗ್ಲಿಷ್ ಮೆಕ್ಯಾನಿಕ್ಕುಗಳ ಬಳಿ ಪಾನ ಇಲ್ಲ. ಹಾಗಾಗಿ ಆಟೆ ಮೆಟ್ರಿಕ್, ತಲೆ ವಿಟ್‌ವರ್ತ್ ಎಂಬ ಒಪ್ಪಂದ! ಎಂ.ಜಿ.ಗೆ ಬಂದ ಎಂಜಿನ್ನೂ ಆ ವಂಶದ್ದೇ. ಹೊರಗೆ ಒಂದು ಭಾಷೆ, ಒಳಗೆ ಇನ್ನೊಂದು. ನಿಮಗೆ ಇದು ಅರ್ಥವಾಗದೆ ಇನ್ಯಾರಿಗೆ ಅರ್ಥವಾದೀತು?

ಈಗ ಸ್ವಲ್ಪ ಗಮನವಿಟ್ಟು ಓದಿ. ಆ ಬೋಲ್ಟಿನ ದಪ್ಪ 8 ಎಂ.ಎಂ., ಆಟೆಯಿಂದ ಆಟೆಗೆ ದೂರ 1 ಎಂ.ಎಂ. ಇಂದು ಅಂಗಡಿಯಲ್ಲಿ '8 ನಂಬರ್ ಬೋಲ್ಟ್ ಕೊಡಿ' ಎಂದರೆ ಸಿಗುವುದು 1.25 ಎಂ.ಎಂ. ದೂರದ್ದು. ಅದು ಒಳಗೇ ಹೋಗುವುದಿಲ್ಲ, ಆದ್ದರಿಂದ ಅಪಾಯವೂ ಕಡಿಮೆ. ಅಪಾಯ ಇರುವುದು 5/16 ಅಂಗುಲದ ಯು.ಎನ್.ಎಫ್. ಬೋಲ್ಟಿನಿಂದ. ಅದರ ದಪ್ಪ 7.94 ಎಂ.ಎಂ., ದೂರ 1.06 ಎಂ.ಎಂ. ಕಣ್ಣಿಗೆ ವ್ಯತ್ಯಾಸವೇ ಕಾಣದು. ಮೊದಲ ಎರಡು ಸುತ್ತು ಬೆಣ್ಣೆಯಂತೆ ಹೋಗುತ್ತದೆ. ಮೂರನೆಯದರಲ್ಲಿ ಬಿಗಿಯುತ್ತದೆ. 'ಕೊಳೆ ಇರಬೇಕು' ಎಂದು ನೀವು ಉದ್ದನೆಯ ಪಾನ ಹಾಕುತ್ತೀರಿ. ಅಲ್ಲಿಗೆ ಎಂಜಿನ್ ಬ್ಲಾಕಿನೊಳಗಿನ ಆಟೆ ಹೋಯಿತು.

ಇದು ನನಗೆ ಹೇಗೆ ಗೊತ್ತು? 1987ರಲ್ಲಿ ನಾನೇ ಹಾಗೆ ಮಾಡಿದ್ದೆ. ಇದೇ ಕಾರಿಗೆ.

ಆಗ ನನಗೆ ಇಪ್ಪತ್ತಮೂರು. ಲೇಥ್ ಕೆಲಸ ಕಲಿತ ಗರ್ವ. ರಾಯರ ಕಾರಿನ ಪಂಪ್ ಬಿಚ್ಚಿ ಕಟ್ಟುವಾಗ ಒಂದು ಬೋಲ್ಟ್ ಕಳೆಯಿತು. ಡಬ್ಬಿಯಲ್ಲಿ ಬಿದ್ದಿದ್ದ ಇನ್ನೊಂದನ್ನು ಹಾಕಿದೆ. ಆಟೆ ಕಿತ್ತುಹೋದದ್ದು ಕೈಗೆ ಗೊತ್ತಾಯಿತು. ಪಾನ ಒಮ್ಮೆಗೇ ಹಗುರಾಗುತ್ತದೆ, ಹೊಟ್ಟೆಯಲ್ಲಿ ಏನೋ ಜಾರಿದಂತೆ. ಯಾರೂ ನೋಡಿರಲಿಲ್ಲ. ಅರಾಲ್ಡೈಟ್ ತುಂಬಿ ಬೋಲ್ಟನ್ನು ಅಂಟಿಸಿಬಿಟ್ಟೆ. ರಾಯರು ಚಹಾ ಕುಡಿಸಿ, ಬೇಡವೆಂದರೂ ಜೇಬಿಗೆ ಹಣ ತುರುಕಿ ಕಳಿಸಿದರು. ಆ ಮೇಲೆ ಎಷ್ಟೋ ವರ್ಷ ಸಂಘದ ಕಾರ್ಯಕ್ರಮಗಳಲ್ಲಿ ಅವರು ಸಿಕ್ಕಾಗಲೆಲ್ಲ ನಾನು ಕಾರಿನ ಸುದ್ದಿ ಎತ್ತುತ್ತಿರಲಿಲ್ಲ.

ಈಗ ಹುಡುಗಿ ಟಾರ್ಚ್ ಹಿಡಿದು ಕೇಳಿದಳು: "ಅಂಕಲ್, ಇಲ್ಲೊಂದು ಬೋಲ್ಟಿಗೆ ಯಾರೋ ಗಮ್ ಹಾಕಿದ್ದಾರೆ. ಯಾವ ಕತ್ತೆ ಮಾಡಿದ ಕೆಲಸ?"

ನಾನು ಆ ಕತ್ತೆಯ ಹೆಸರು ಹೇಳಿದೆ. ಅವಳು ಬಹಳ ಹೊತ್ತು ಮಾತಾಡಲಿಲ್ಲ. ನಂತರ ಲಕೋಟೆಯ ಮೇಲೆ 'ಅಂಕಲ್ ಬೋಲ್ಟ್' ಎಂದು ಬರೆದಳು.

ತಪ್ಪು ಬೋಲ್ಟನ್ನು ಗುರುತಿಸುವ ದಾರಿ ಕಷ್ಟವೇನಲ್ಲ. ಒಂದು ವರ್ನಿಯರ್, ಒಂದು ತ್ರೆಡ್ ಗೇಜ್ ಸಾಕು. ಗೇಜ್ ಎಂದರೆ ಚಾಕುವಿನಂತೆ ಮಡಚುವ, ಗರಗಸದ ಹಲ್ಲಿರುವ ತೆಳು ಎಲೆಗಳ ಗೊಂಚಲು. ಒಂದೊಂದು ಎಲೆಯನ್ನೂ ಬೋಲ್ಟಿಗೆ ಒತ್ತಿ ಬೆಳಕಿಗೆ ಹಿಡಿಯಿರಿ. ನಡುವೆ ಬೆಳಕು ತೂರಿದರೆ ಅದಲ್ಲ. ಮೆಟ್ರಿಕ್ ಮತ್ತು ಯು.ಎನ್.ಎಫ್. ಹಲ್ಲಿನ ಕೋನ 60 ಡಿಗ್ರಿ, ವಿಟ್‌ವರ್ತ್ ಜಾತಿಯದು 55. ಗೇಜ್ ಇಲ್ಲದಿದ್ದರೆ, ಸರಿಯೆಂದು ಗೊತ್ತಿರುವ ಇನ್ನೊಂದು ಬೋಲ್ಟಿನ ಹಲ್ಲಿಗೆ ಹಲ್ಲು ಕೂರಿಸಿ ನೋಡಿ. ಪೂರ್ತಿ ಉದ್ದಕ್ಕೂ ಕೂಡಬೇಕು. ಎಲ್ಲಕ್ಕಿಂತ ಮುಖ್ಯ, ಬೋಲ್ಟನ್ನು ಬರೀ ಬೆರಳಿನಿಂದ ಕೊನೆಯವರೆಗೆ ತಿರುಗಿಸಬೇಕು. ಬೆರಳು ನಿಂತ ಕಡೆ ನೀವೂ ನಿಲ್ಲಿ. ಪಾನ ಇರುವುದು ಕೊನೆಯ ಬಿಗಿತಕ್ಕೆ ಮಾತ್ರ.

ತಲೆಯ ಮೇಲಿನ ಅಕ್ಷರಗಳನ್ನೂ ಓದಿ. ಆ ಕಾಲದ ಬ್ರಿಟಿಷ್ ಬೋಲ್ಟುಗಳಲ್ಲಿ ತಯಾರಕನ ಹೆಸರು ಇರುತ್ತದೆ: 'ಬೀಸ್', 'ನ್ಯೂವಾಲ್' ಹೀಗೆ. ಲೂಕಾಸ್ ಕಂಪನಿಯ ವಿದ್ಯುತ್ ಭಾಗಗಳ ಮೇಲೆ ಭಾಗದ ನಂಬರಿನ ಜೊತೆ ತಯಾರಾದ ತಿಂಗಳು-ವರ್ಷವನ್ನೂ ಒತ್ತಿರುತ್ತಾರೆ. 1948ರ ಕಾರಿನಲ್ಲಿ 1956ರ ಭಾಗ ಕಂಡರೆ ನಡುವೆ ಯಾರೋ ಬದಲಿಸಿದ್ದಾರೆ ಎಂದರ್ಥ. ಎಂ.ಜಿ.ಯ ಎಂಟು ಮೂಲೆಯ ಗುರುತನ್ನು ಮಾತ್ರ ಕಣ್ಣುಮುಚ್ಚಿ ನಂಬಬೇಡಿ. ಎಂಟು ಮೂಲೆ ಇದ್ದರೆ ಬೆಲೆ ಜಾಸ್ತಿ ಎಂದು ಮಾರುವವರಿಗೂ ಗೊತ್ತು. ಎಂಟು ಮೂಲೆಯ ಮೀಟರುಗಳು 1953ರಲ್ಲಿ ಬಂದ ಟಿ.ಎಫ್.ನವು, ಟಿ.ಸಿ.ಯವು ದುಂಡಗಿನವು.

ಆದರೆ ಕಾರು ಓಡದಿರಲು ನನ್ನ ಬೋಲ್ಟ್ ಕಾರಣವಲ್ಲ, ನಿಜ ಹೇಳಬೇಕೆಂದರೆ ಸ್ವಲ್ಪ ಸಮಾಧಾನವಾಯಿತು. ಹಳೆಯ ಪೆಟ್ರೋಲ್ ಚೆಲ್ಲಿ, ಪಾಯಿಂಟ್ ಉಜ್ಜಿ, ಬ್ಯಾಟರಿ ಜೋಡಿಸಿದಾಗ (ಜೋಪಾನ, ಈ ಕಾರಿನಲ್ಲಿ ಬಾಡಿಗೆ ಹೋಗುವುದು ಪಾಸಿಟಿವ್ ತಂತಿ) ಎಂಜಿನ್ ಕೆಮ್ಮಿ ಹೊಗೆ ಕಾರಿ ನಿಂತಿತು. ನಾಲ್ಕು ಪ್ಲಗ್ ಬಿಚ್ಚಿ ಸಾಲಾಗಿ ಇಟ್ಟೆವು. ಹಿಂದಿನ ಎರಡು ಬಿಸ್ಕತ್ತಿನ ಬಣ್ಣ. ಮುಂದಿನ ಎರಡು ಕಾಡಿಗೆಯಂತೆ ಕಪ್ಪು. ಈ ಕಾರಿಗೆ ಎಸ್.ಯು. ಕಾರ್ಬುರೇಟರ್ ಎರಡು. ಮುಂದಿನದರಲ್ಲಿ ಪೆಟ್ರೋಲ್ ಹೆಚ್ಚು ಬರುತ್ತಿದೆ ಎಂದಾಯಿತು.

ಎಸ್.ಯು.ವಿನೊಳಗೆ ಒಂದು ಪಿಸ್ಟನ್, ಅದರ ತುದಿಗೆ ಒಂದು ಸೂಜಿ. ಸೂಜಿ ಮೇಲೇರಿದಷ್ಟೂ ಪೆಟ್ರೋಲ್ ಜಾಸ್ತಿ. ಸೂಜಿಯ ಇಳಿಜಾರು ಒಂದೊಂದು ಕಾರಿಗೆ ಒಂದೊಂದು ತರಹ, ಅದರ ಗುರುತನ್ನು ಸೂಜಿಯ ಬುಡದಲ್ಲೇ ಪುಟ್ಟದಾಗಿ ಕೊರೆದಿರುತ್ತಾರೆ. ಟಿ.ಸಿ.ಗೆ ಬೇಕಾದದ್ದು 'ಇ.ಎಸ್.' ಹಿಂದಿನ ಕಾರ್ಬುರೇಟರಿನಲ್ಲಿ ಭೂತಗನ್ನಡಿ ಹಿಡಿದಾಗ 'ಇ.ಎಸ್.' ಕಂಡಿತು. ಮುಂದಿನದರಲ್ಲಿ ಬೇರೆಯೇ ಅಕ್ಷರ! ನಮ್ಮ ಅಂಬಾಸಡರ್ ಗಾಡಿಗಳಲ್ಲೂ ಎಸ್.ಯು. ಇರುತ್ತಿತ್ತು, ಯಾರೋ ಅದರದ್ದೇ ಸೂಜಿ ಸಿಕ್ಕಿಸಿರಬೇಕು ಎಂದು ನನ್ನ ಊಹೆ. ಬೆಂಕಿಕಡ್ಡಿಗಿಂತ ತೆಳ್ಳಗಿನ ಆ ಒಂದು ತುಂಡಿಗಾಗಿ ಇಡೀ ಎಂಜಿನ್ ಗುಜರಿಗೆ ಹೋಗುವುದರಲ್ಲಿತ್ತು.

ಎಸ್.ಯು. ಹೆಸರಿನ ಭಾಗಗಳನ್ನು ಇಂಗ್ಲೆಂಡಿನ ಸಾಲ್ಸ್‌ಬರಿಯ ಬರ್ಲನ್ ಎಂಬ ಕಂಪನಿ ಇಂದಿಗೂ ತಯಾರಿಸುತ್ತದೆ. ಹುಡುಗಿಯ ಗೆಳತಿಯೊಬ್ಬಳು ಲಂಡನ್ನಿನಿಂದ ಬರುವವಳಿದ್ದಳು. ಎರಡು ಸೂಜಿ ತರಿಸಿದೆವು, ಜೋಡಿಯಾಗಿಯೇ ಬದಲಿಸಬೇಕು. ಸೂಜಿಯ ಭುಜ ಪಿಸ್ಟನ್ನಿನ ತಳಕ್ಕೆ ಸಮವಾಗಿ ಕೂರಬೇಕು. ಪಿಸ್ಟನ್ನನ್ನು ಎತ್ತಿ ಬಿಟ್ಟಾಗ 'ಟಕ್' ಎಂಬ ಸದ್ದು ಬರಬೇಕು. ಬಾರದಿದ್ದರೆ ಸೂಜಿ ಎಲ್ಲೋ ತಾಗುತ್ತಿದೆ. ಎರಡು ಕಾರ್ಬುರೇಟರುಗಳ ಪಿಸ್ಟನ್ ಮತ್ತು ಮುಚ್ಚಳಗಳನ್ನು ಅದಲು ಬದಲು ಮಾಡಬೇಡಿ, ಅವು ಹುಟ್ಟುಜೋಡಿ.

ಇತ್ತ ನನ್ನ ಪಾಪದ ಬೋಲ್ಟ್. ನಾಗದೇವಿ ಸ್ಟ್ರೀಟಿನಲ್ಲಿ 8 ಎಂ.ಎಂ., 1 ಎಂ.ಎಂ. ದೂರದ ಟ್ಯಾಪ್ ಸಿಕ್ಕಿತು, ಹೆಲಿಕಾಯಿಲ್ಲೂ ಸಿಕ್ಕಿತು. ಹೆಲಿಕಾಯಿಲ್ ಎಂದರೆ ಸ್ಪ್ರಿಂಗಿನಂತೆ ಸುತ್ತಿದ ಉಕ್ಕಿನ ತಂತಿ. ಹಾಳಾದ ತೂತನ್ನು ಸ್ವಲ್ಪ ದೊಡ್ಡದು ಮಾಡಿ ಅದನ್ನು ಕೂರಿಸಿದರೆ ಒಳಗೆ ಮತ್ತೆ ಮೂಲ ಅಳತೆಯ ಆಟೆ ಸಿಗುತ್ತದೆ. ಬೋಲ್ಟನ್ನು ಮಾತ್ರ ಟ್ರಕ್ ಟರ್ಮಿನಲ್ ಕಡೆಯ ಒಂದು ಲೇಥಿನಲ್ಲಿ ನಾನೇ ನಿಂತು ಮಾಡಿಸಿದೆ. ಒಳ್ಳೆಯ ಉಕ್ಕು, ತಲೆ 0.525 ಅಂಗುಲ, ಹಳೆಯದರಂತೆಯೇ. ತಲೆಯ ಮೇಲೆ ಒಂದು ಚುಕ್ಕಿ ಹೊಡೆಸಿದೆ. ಹಳೆಯ ವಾಹನಗಳ ಅಂತಾರಾಷ್ಟ್ರೀಯ ಒಕ್ಕೂಟವಾದ ಫಿವಾದ 2013ರ ಟ್ಯೂರಿನ್ ಚಾರ್ಟರ್ ಎಂಬ ದಾಖಲೆ ಅದನ್ನೇ ಹೇಳುತ್ತದೆ: ಬದಲಿಸಿದ ಭಾಗಕ್ಕೆ ಗುರುತಿರಲಿ, ಮುಂದೆ ನೋಡುವವನಿಗೆ ಮೂಲ ಯಾವುದು, ಹೊಸತು ಯಾವುದು ಎಂದು ತಿಳಿಯಲಿ. ನಾನು 1987ರಲ್ಲಿ ಮಾಡಿದ್ದು ಇದರ ತದ್ವಿರುದ್ಧ.

ಹಾಗೆಂದು ಎಲ್ಲವೂ ಮೂಲದ್ದೇ ಇರಬೇಕೆಂಬ ಹಟ ನನಗಿಲ್ಲ. ಬ್ರೇಕಿನ ರಬ್ಬರ್, ಹೋಸ್‌ಪೈಪ್, ಟಯರು, ಹತ್ತಿಯ ಹೊದಿಕೆ ಹರಿದ ತಂತಿ, ಇವು ಹೊಸದೇ ಆಗಬೇಕು. ಹಳೆಯ ಸ್ಟಾಕ್, ಡಬ್ಬಿಯನ್ನೇ ಒಡೆದಿಲ್ಲ ಎಂದು ಕೊಟ್ಟರೂ ರಬ್ಬರ್ ಕೊಳ್ಳಬೇಡಿ. ಡಬ್ಬಿಯೊಳಗೂ ರಬ್ಬರಿಗೆ ವಯಸ್ಸಾಗುತ್ತದೆ. ಚಕ್ರದ ಕಿವಿಯುಳ್ಳ ದೊಡ್ಡ ನಟ್ಟುಗಳ ವಿಷಯದಲ್ಲಂತೂ ಮೈಯೆಲ್ಲ ಕಣ್ಣಾಗಿರಿ. ಎಡಗಡೆಯವಕ್ಕೆ ಮಾಮೂಲಿ ಆಟೆ, ಬಲಗಡೆಯವಕ್ಕೆ ಉಲ್ಟಾ ಆಟೆ. ಓಡುವಾಗ ತಾವಾಗಿ ಬಿಗಿಯಲೆಂದು ಹಾಗೆ ಮಾಡಿದ್ದು. ಬಿಚ್ಚಿದ ಹಬ್ಬುಗಳನ್ನು ಎಡಬಲ ಬದಲಿಸಿ ಕೂರಿಸಿದರೆ ನಡುರಸ್ತೆಯಲ್ಲಿ ಚಕ್ರ ಕಳಚೀತು. ಹೆರಾಲ್ಡ್ ಇರುವವರಿಗೂ ಒಂದು ಮಾತು: ಮುಂದಿನ ಚಕ್ರದ ಹಿತ್ತಾಳೆ ಟ್ರನಿಯನ್ನಿಗೆ ಗ್ರೀಸ್ ಅಲ್ಲ, 90 ನಂಬರಿನ ಗೇರ್ ಆಯಿಲ್ ಹಾಕಬೇಕು. ಟ್ರಯಂಫ್ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರು ಹುಟ್ಟಿದ್ದು ಹೆರಾಲ್ಡಿನಿಂದಲೇ, ಆದ್ದರಿಂದ ಅದರ ಎಷ್ಟೋ ಚಿಕ್ಕ ಭಾಗಗಳು ಇದಕ್ಕೂ ಆಗುತ್ತವೆ.

ಫಿಯೆಟ್ ಇದ್ದವರಿಗೆ ಪಾಠ ಹೇಳಲು ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಲ್ಲಿ ದುಡಿದ ಹಿರಿಯರು ನಮ್ಮ ನಡುವೆ ಇದ್ದಾರೆ. 2023ರ ಅಕ್ಟೋಬರಿನಲ್ಲಿ ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿಯೂ ರಸ್ತೆ ಬಿಟ್ಟಿತು. ಅವರನ್ನು ಈಗಲೇ ಕೇಳಿಕೊಳ್ಳಿ. ಊರಿಗೆ ಹೋದಾಗ ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದ ಕಾರುಗಳನ್ನೂ ನೋಡಿ. ಎಲ್ಲರೂ ಬಣ್ಣದ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ನೀವು ಬೋಲ್ಟಿನ ತಲೆ ನೋಡಿ.

ನರಕ ಚತುರ್ದಶಿಯ ಹಿಂದಿನ ಸಂಜೆ ಕೆಲಸ ಮುಗಿಯಿತು. ನೀರು ತುಂಬುವ ಹಬ್ಬ! ಹುಡುಗಿಯ ತಾಯಿ ಹಂಡೆಗೆ ನೀರು ತುಂಬಿಸಿ, ಕೆಳಗಿಳಿದು ಬಂದು ಅದೇ ಕೊಡದಿಂದ ರೇಡಿಯೇಟರಿಗೂ ಸುರಿದರು. ರಾಯರನ್ನು ಕುರ್ಚಿ ಹಾಕಿ ಕೂರಿಸಿದ್ದೆವು. ಎಂಜಿನ್ ಹಿಡಿಯುವ ಮೊದಲೇ ಹೇಳಿಬಿಡಬೇಕೆಂದು ನಾನು ಅವರ ಪಕ್ಕ ಕೂತು ಎಲ್ಲ ಹೇಳಿದೆ. ಕಳೆದುಹೋದ ಬೋಲ್ಟ್, ಅರಾಲ್ಡೈಟ್, ಜೇಬಿಗೆ ಹಾಕಿದ ಹಣ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

"ಎಂತ ಮಾರಾಯ್ರೆ, ಈಗ ಸೋರುವುದಿಲ್ಲವಲ್ಲ?" ಎಂದರು.

ಸೋರಲಿಲ್ಲ. ಎರಡನೆಯ ಸಲಕ್ಕೆ ಎಂಜಿನ್ ಹಿಡಿಯಿತು. ಹೊಗೆ ಸ್ವಲ್ಪ ಬಂದು ತಿಳಿಯಾಯಿತು. ಆರ್.ಪಿ.ಎಂ. ಮೀಟರ್ ಮಾತ್ರ ಅಲ್ಲಾಡಲಿಲ್ಲ. ಡೈನಮೋದ ಹಿಂದಿನ ಪುಟ್ಟ ಗೇರ್‌ಪೆಟ್ಟಿಗೆ ಸವೆದಿದೆ, ಅದನ್ನಿನ್ನೂ ಹುಡುಕುತ್ತಿದ್ದೇವೆ. ಮಾರುವ ಮಾತು ಸದ್ಯಕ್ಕೆ ನಿಂತಿದೆ, ಮುಗಿದಿದೆ ಎನ್ನಲಾರೆ.

ಆ ಸಂಜೆ ಸ್ಟಿಯರಿಂಗ್ ಹಿಡಿದದ್ದು ಮಗ. ಎರಡೇ ಸೀಟಿನ ಕಾರು, ಪಕ್ಕದಲ್ಲಿ ರಾಯರು. ಟಿ.ಸಿ.ಯಲ್ಲಿ ಒಂದು ತಮಾಷೆಯಿದೆ: ಓಡಿಸುವವನ ಮುಂದೆ ಇರುವುದು ಆರ್.ಪಿ.ಎಂ. ಮೀಟರ್, ಸ್ಪೀಡೋಮೀಟರ್ ಇರುವುದು ಪಕ್ಕದಲ್ಲಿ ಕೂತವರ ಮುಂದೆ. ಹಾಗಾಗಿ ಕಾಂಪೌಂಡಿಗೆ ಸುತ್ತು ಹಾಕುವಾಗ ವೇಗ ಹೇಳುವ ಕೆಲಸ ರಾಯರದ್ದೇ ಆಯಿತು. ಗೇಟಿನ ಬಳಿ ನಿಂತಿದ್ದ ನಮಗೆ ಎರಡೂ ಸುತ್ತಿನಲ್ಲಿ ಅವರ ದನಿ ಕೇಳಿಸಿತು:

"ಹನ್ನೆರಡು ಮೈಲಿ... ಹದಿನೈದು... ಮೆಲ್ಲ ಹೋಗು ಮಾರಾಯ, ಹದಿನೈದು!"